ಓದುಗರ ಪ್ರಶ್ನೆ, ನಮ್ಮ ಉತ್ತರ: ಕೀ ಕೊಡುವ ಗ್ರಾಮಫೋನಿಗೆ ಎಂಥ ಮುಳ್ಳು?

ಅಟ್ಟದಿಂದ ಇಳಿಸಿದ ಒಂದು ಗ್ರಾಮಫೋನು, ಜೊತೆಗೆ ಟ್ರಂಕಿನ ತುಂಬ ಪ್ಲೇಟು. ಈ ಸಲದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹೊರಟಿವೆ. ಮುಳ್ಳು, ಪಿನ್ನು, ಸೂಜಿ ಎಂದು ಓದುಗರು ಬೇರೆ ಬೇರೆ ಬಗೆಯಲ್ಲಿ ಬರೆದಿದ್ದಾರೆ. ಮೂರೂ ಒಂದೇ ಆದ್ದರಿಂದ ಉತ್ತರಗಳಲ್ಲಿ ಮುಳ್ಳು ಎಂದೇ ಬಳಸಿದ್ದೇವೆ.

ಪ್ರಶ್ನೆ: ನಮ್ಮ ಅಜ್ಜ ಒಂದೇ ಮುಳ್ಳಿನಲ್ಲಿ ತಿಂಗಳುಗಟ್ಟಲೆ ಹಾಡು ಹಾಕುತ್ತಿದ್ದರಂತೆ. ಈಗ ಮುಳ್ಳು ಮಾರುವವರು ‘ಒಂದು ಬದಿಗೆ ಒಂದು’ ಎನ್ನುತ್ತಾರೆ. ಇದು ವ್ಯಾಪಾರದ ಮಾತೇ? — ಹುಬ್ಬಳ್ಳಿಯಿಂದ

ಉತ್ತರ: ಅಲ್ಲ, ಅವರು ಹೇಳಿದ್ದು ಸರಿ. ಉಕ್ಕಿನ ಮಾಮೂಲು ಮುಳ್ಳನ್ನು ಒಂದು ಬದಿಗೆ, ಅಂದರೆ ಮೂರು ಮೂರೂವರೆ ನಿಮಿಷಕ್ಕೆಂದೇ ತಯಾರಿಸುತ್ತಾರೆ.

ಕಾರಣ ಪ್ಲೇಟಿನಲ್ಲೇ ಇದೆ. 78 ಸುತ್ತಿನ (ನಿಮಿಷಕ್ಕೆ 78 ಸಲ ತಿರುಗುವ) ಪ್ಲೇಟು ಬರಿಯ ಅರಗಲ್ಲ. ನುಣ್ಣಗೆ ಅರೆದ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಮಸಿ, ಗಟ್ಟಿತನಕ್ಕೆ ನಾರು, ಇವನ್ನೆಲ್ಲ ಅರಗಿನ ಜೊತೆ ಕಲಸಿ ಬಿಸಿಯಲ್ಲಿ ಅಚ್ಚೊತ್ತಿದ್ದು. ಅದರ ಮೇಲೆ ಓಡುವ ಮುಳ್ಳಿನ ತುದಿಗೆ ಸೌಂಡ್ ಬಾಕ್ಸು, ಅಂದರೆ ಮುಳ್ಳನ್ನು ಹಿಡಿದು ಸದ್ದು ಹೊರಡಿಸುವ ದುಂಡು ಡಬ್ಬಿ, ಸುಮಾರು 100ರಿಂದ 150 ಗ್ರಾಂ ಭಾರ ಹೇರುತ್ತದೆ. ಹೊಸ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಕಲ್ಲುಪುಡಿಗೆ ತಿಕ್ಕಿ ಸವೆದು, ಹಾಡು ಕೊರೆದ ಗೆರೆಯ ಆಕಾರ ಪಡೆದು ಕೂರುತ್ತದೆ. ಹಾಗೆ ಕೂತ ಮೇಲೆ ಭಾರ ಗೆರೆಯ ಎರಡೂ ಗೋಡೆಗೆ ಹಂಚಿಹೋಗುತ್ತದೆ. ಸವೆಯಬೇಕಾದ್ದು ಮುಳ್ಳು, ಉಳಿಯಬೇಕಾದ್ದು ಪ್ಲೇಟು ಎಂಬ ಲೆಕ್ಕದಲ್ಲೇ ಇಡೀ ಯಂತ್ರ ನಿಂತಿದೆ.

10 ಅಂಗುಲದ ಪ್ಲೇಟಿನ ಒಂದು ಬದಿಯ ಗೆರೆಯನ್ನು ಬಿಡಿಸಿ ನೇರ ಎಳೆದರೆ ಸುಮಾರು 125 ಮೀಟರ್ ಆಗುತ್ತದೆ. ಉಕ್ಕಿನ ಮೊನೆಯನ್ನು ಅಷ್ಟು ದೂರ ಸಾಣೆಗೆ ಹಿಡಿದಂತೆಯೇ ಸರಿ. ಹಾಡು ಮುಗಿಯುವಷ್ಟರಲ್ಲಿ ಮೊನೆಯ ಎರಡು ಪಕ್ಕ ಚಪ್ಪಟೆಯಾಗಿ, ಅಂಚು ಉಳಿಯ ಬಾಯಿಯಷ್ಟು ಹರಿತವಾಗಿರುತ್ತದೆ. ಅದನ್ನೇ ಎತ್ತಿ ಇನ್ನೊಂದು ಪ್ಲೇಟಿನ ಹೊರಗೆರೆಗೆ ಇಟ್ಟರೆ ಅದು ಗೆರೆಯಲ್ಲಿ ಜಾರುವುದಿಲ್ಲ, ಗೋಡೆಯನ್ನು ಹೆರೆಯುತ್ತದೆ. ಮೊದಲು ಹೋಗುವುದು ಅತಿ ಸಣ್ಣ ಅಲೆಗಳು: ಸಕಾರ ಶಕಾರಗಳ ಸ್ಪಷ್ಟತೆ, ತಾರಸ್ಥಾಯಿಯ ಹೊಳಪು, ತಂಬೂರಿಯ ಝೇಂಕಾರ. ಒಮ್ಮೆ ಹೋದದ್ದು ಯಾವ ರಿಪೇರಿಯಿಂದಲೂ ಮರಳಿ ಬರುವುದಿಲ್ಲ.

ನಿಮ್ಮ ಅಜ್ಜನ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೆರೆಗಳು ಕಪ್ಪಗೆ ಮಿನುಗಿದರೆ ಚೆನ್ನಾಗಿವೆ. ಬೂದಿ ಬಣ್ಣದ ಪಟ್ಟೆ ಕಂಡರೆ, ಅದೂ ಹಾಡು ಜೋರಾಗುವ ಕಡೆ ಕಂಡರೆ, ಹಳೆಯ ಮುಳ್ಳು ಕೊರೆದ ಗುರುತು ಅದು.

ಮುಳ್ಳನ್ನು ಸ್ವಲ್ಪ ತಿರುಗಿಸಿ ಕೂರಿಸಿದರೆ ಮತ್ತೊಂದು ಬದಿ ಬಳಸಬಹುದು ಎಂಬ ಮಾತೂ ಚಾಲ್ತಿಯಲ್ಲಿದೆ. ಇದು ಇನ್ನೂ ಕೆಟ್ಟದ್ದು: ಹರಿತ ಅಂಚನ್ನೇ ಗೋಡೆಗೆ ಎದುರು ಮಾಡಿ ನಿಲ್ಲಿಸಿದಂತಾಗುತ್ತದೆ. 200 ಮುಳ್ಳಿನ ಒಂದು ಡಬ್ಬಿ 200 ಬದಿಗೆ, ಅಂದರೆ 100 ಪ್ಲೇಟಿಗೆ ಬರುತ್ತದೆ. ಪ್ಲೇಟಿನ ಬೆಲೆಯ ಎದುರು ಇದೊಂದು ಖರ್ಚೇ ಅಲ್ಲ.

ಪ್ರಶ್ನೆ: ಡಬ್ಬಿಗಳ ಮೇಲೆ ಸಾಫ್ಟ್, ಮೀಡಿಯಂ, ಲೌಡ್, ಎಕ್ಸ್‌ಟ್ರಾ ಲೌಡ್ ಎಂದೆಲ್ಲ ಇದೆ. ನಮ್ಮಲ್ಲಿರುವುದು ಎಚ್.ಎಂ.ವಿ. 102, ಸೂಟ್‌ಕೇಸಿನಂಥದ್ದು. ಸದ್ದು ತಗ್ಗಿಸಲು ಅದರಲ್ಲಿ ಗುಂಡಿಯೇ ಇಲ್ಲವಲ್ಲ? — ಮೈಸೂರಿನಿಂದ

ಉತ್ತರ: ಗುಂಡಿಯ ಕೆಲಸವನ್ನು ಮುಳ್ಳೇ ಮಾಡುತ್ತದೆ. ಗೆರೆಯ ಅಲುಗಾಟವನ್ನು ಸೌಂಡ್ ಬಾಕ್ಸಿನ ತೆಳು ಪೊರೆಗೆ ಮುಟ್ಟಿಸುವ ಕೋಲು ಅದು. ದಪ್ಪ, ಗಿಡ್ಡ ಕೋಲು ಬಾಗುವುದಿಲ್ಲ, ಬಂದ ಅಲುಗಾಟವನ್ನೆಲ್ಲ ಮೇಲಕ್ಕೆ ಒಪ್ಪಿಸುತ್ತದೆ. ಸಪೂರದ ಕೋಲು ತಾನೇ ಬಳುಕಿ ಒಂದಷ್ಟನ್ನು, ಅದರಲ್ಲೂ ಚುರುಕಾದ ಮೇಲಿನ ಸ್ವರಗಳನ್ನು, ನುಂಗುತ್ತದೆ. ಮುಳ್ಳಿನ ಉದ್ದ ಸಾಮಾನ್ಯವಾಗಿ 16 ಮಿ.ಮೀ. ಆಸುಪಾಸು. ಲೌಡ್ ಮುಳ್ಳಿನ ಕಾಂಡ ಸುಮಾರು 1.3ರಿಂದ 1.5 ಮಿ.ಮೀ. ದಪ್ಪ, ಸಾಫ್ಟ್ ಅದಕ್ಕಿಂತ ಎದ್ದು ಕಾಣುವಷ್ಟು ತೆಳು. ಹೆಸರಿಲ್ಲದ ಪೊಟ್ಟಣ ಸಿಕ್ಕರೆ ಕಾಂಡವನ್ನು ಅಳೆದು ಯಾವ ಬಗೆ ಎಂದು ಅಂದಾಜು ಮಾಡಬಹುದು.

ಇನ್ನು ಯಂತ್ರಕ್ಕೆ ಹೊಂದಿಸುವ ಮಾತು. 1931ರಲ್ಲಿ ಬಂದ 102ರ ಸೌಂಡ್ ಬಾಕ್ಸಿನಲ್ಲಿರುವುದು ಅಲ್ಯುಮಿನಿಯಂ ಪೊರೆ. ಅದು ಸಣ್ಣ ಅಲುಗಾಟಕ್ಕೂ ಚೆನ್ನಾಗಿ ಓಗೊಡುತ್ತದೆ. ಹಾಗಾಗಿ ಮೀಡಿಯಂ ಮುಳ್ಳು ಮನೆಯ ಕೋಣೆಗೆ ಧಾರಾಳ ಸಾಕು. ಕೆಲವು ಡಬ್ಬಿಗಳಲ್ಲಿ ಇದಕ್ಕೇ ಹಾಫ್ ಟೋನ್ ಎಂಬ ಹೆಸರು. ಲೌಡ್ ಹಾಕಿದರೆ ಪಿಟೀಲು, ಹೆಂಗಸರ ಕಂಠ ಕಿವಿಗೆ ಚುಚ್ಚತೊಡಗುತ್ತವೆ. ಅದಕ್ಕೂ ಹಿಂದಿನ 101ರಲ್ಲಿ ಅಭ್ರಕದ ಪೊರೆಯ 4ನೇ ನಂಬರಿನ ಸೌಂಡ್ ಬಾಕ್ಸು ಇತ್ತು. ಅದಕ್ಕೆ ಮೀಡಿಯಂ ಅಥವಾ ಲೌಡ್. ಕಹಳೆ ಹೊರಗಿರುವ, 1910ರ ಆಸುಪಾಸಿನ, ‘ಎಕ್ಸಿಬಿಷನ್’ ಎಂಬ ಹೆಸರಿನ ಸೌಂಡ್ ಬಾಕ್ಸು ಇರುವ ಯಂತ್ರಕ್ಕೆ ಲೌಡ್ ಒಗ್ಗುತ್ತದೆ, ಏಕೆಂದರೆ ಆ ಕಾಲದ ಧ್ವನಿಮುದ್ರಣವೇ ಮೆಲುವು. ಎಕ್ಸ್‌ಟ್ರಾ ಲೌಡ್ ಇರುವುದು ಬಯಲಿಗೆ, ಮದುವೆ ಚಪ್ಪರಕ್ಕೆ. ಕೋಣೆಯಲ್ಲಿ ಅದರಿಂದ ಗದ್ದಲ ಹೆಚ್ಚುತ್ತದೆ, ಸಂಗೀತ ಹೆಚ್ಚುವುದಿಲ್ಲ.

ಭರ್ಜಿಯ ಮೊನೆಯಂತೆ ಕತ್ತು ಚಪ್ಪಟೆಯಾದ ಮುಳ್ಳು ನಿಮಗೆ ಸಿಕ್ಕರೆ ಬಿಡಬೇಡಿ. ಚಪ್ಪಟೆ ಮುಖ ಪೊರೆಗೆ ಎದುರಾಗಿರುವಂತೆ ಸಿಕ್ಕಿಸಿದರೆ ಕತ್ತು ಬಳುಕಿ ಸದ್ದು ತಗ್ಗುತ್ತದೆ. ಕಾಲು ಸುತ್ತು ತಿರುಗಿಸಿ ಸಿಕ್ಕಿಸಿದರೆ ಬಳುಕದೆ ಸದ್ದು ಏರುತ್ತದೆ. ಈ ತಿರುಗಿಸಾಟ ಹೊಸ ಮುಳ್ಳನ್ನು ಕೂರಿಸುವಾಗ ಮಾತ್ರ. ಪ್ಲೇಟಿಗೆ ತಾಗಿದ ಮೇಲೆ ಮುಟ್ಟಬಾರದು.

ಸಾಫ್ಟ್ ಮುಳ್ಳು ಹಾಕಿದರೆ ಪ್ಲೇಟು ಸವೆಯುವುದೇ ಇಲ್ಲ ಎಂದು ತಿಳಿಯಬೇಡಿ. ಸೌಂಡ್ ಬಾಕ್ಸಿನ ಭಾರ ಅಷ್ಟೇ ಇರುತ್ತದೆ. ಜೋರು ಜಾಗಗಳಲ್ಲಿ ಗೋಡೆಯ ಮೇಲೆ ಬೀಳುವ ಗುದ್ದು ಕೊಂಚ ತಗ್ಗುತ್ತದೆ, ಅಷ್ಟೇ.

ಪ್ರಶ್ನೆ: ಮುಳ್ಳು ತರಿಸುವುದು ಇಲ್ಲಿಗೆ ಕಷ್ಟ. ಗುಂಡುಪಿನ್ನು, ಹೊಲಿಗೆ ಸೂಜಿ ಹಾಕಬಹುದೇ? ಜಾಲಿ ಮುಳ್ಳಿನಲ್ಲೂ ಹಾಡುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. — ಶಿರಸಿಯಿಂದ

ಉತ್ತರ: ಗುಂಡುಪಿನ್ನು, ಹೊಲಿಗೆ ಸೂಜಿ ಎರಡೂ ಬೇಡ. ಗುಂಡುಪಿನ್ನು ಮೆದು, ಭಾರಕ್ಕೆ ಬಾಗಿ ಗೆರೆಯಿಂದ ಗೆರೆಗೆ ಹಾರುತ್ತದೆ. ಹೊಲಿಗೆ ಸೂಜಿಯ ತೊಂದರೆ ಇದಕ್ಕೆ ವಿರುದ್ಧ: ಬಲು ಗಟ್ಟಿ, ಬಲು ಚೂಪು. ಗ್ರಾಮಫೋನಿನ ಮುಳ್ಳಿನ ಮೊನೆ ನೋಡಲು ಚೂಪಾದರೂ ತುದಿ ದುಂಡಗಿರುತ್ತದೆ. ಸುಮಾರು 0.15 ಮಿ.ಮೀ. ಅಗಲದ ಗೆರೆಯಲ್ಲಿ ಅದು ಗೋಡೆಗಳಿಗೆ ಆತು ನಿಲ್ಲಬೇಕು. ಸೂಜಿಯ ಮೊನೆ ಗೆರೆಯ ತಳಕ್ಕೆ ಇಳಿದು ಅಲ್ಲಿ ಹೊಸದೊಂದು ಗೀರು ಕೊರೆಯುತ್ತದೆ.

ಜಾಲಿ ಮುಳ್ಳಿನ ಮಾತನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನಲ್ಲಿ 1920–30ರ ದಶಕಗಳಲ್ಲಿ ಕಳ್ಳಿಯ ಮುಳ್ಳನ್ನು ಒಣಗಿಸಿ, ಅಳತೆಗೆ ಕತ್ತರಿಸಿ ಮಾರುತ್ತಿದ್ದರು. ಸಂಗ್ರಾಹಕರಲ್ಲಿ ಅದಕ್ಕೇ ಅಂಟಿಕೊಂಡ ಒಂದು ಪಂಗಡವೇ ಇತ್ತು. ಅದಕ್ಕೂ ಮುಂಚೆ ಅಮೆರಿಕದಲ್ಲಿ ಬಿದಿರಿನ ಮುಳ್ಳು ಬಂದಿತ್ತು. ಮಲೆನಾಡಿನಲ್ಲಿ ಬಿದಿರಿಗೇನು ಬರ? ಮಾಡುವ ಕ್ರಮ ಹೀಗೆ.

ಬಲಿತ, ಪೂರ್ತಿ ಒಣಗಿದ ಬಿದಿರು ಆರಿಸಿ. ಹಸಿ ಬಿದಿರು, ಎಳೆ ಬಿದಿರು ಎರಡೂ ನುಸಿದುಹೋಗುತ್ತವೆ. ಗಟ್ಟಿ ಇರುವುದು ಹೊರಸಿಪ್ಪೆ, ಆದ್ದರಿಂದ ಸಿಪ್ಪೆ ಸಮೇತ ಸೀಳಿ. 22ರಿಂದ 25 ಮಿ.ಮೀ. ಉದ್ದದ ತುಂಡು ಮಾಡಿ, ಸೌಂಡ್ ಬಾಕ್ಸಿನ ರಂಧ್ರದಲ್ಲಿ ಬಿಗಿಯಾಗಿ ಕೂರುವಷ್ಟು ಹೆರೆಯಿರಿ. ಕೆಲವು ಸೌಂಡ್ ಬಾಕ್ಸುಗಳಲ್ಲಿ ಬಿದಿರಿಗೆಂದೇ ತ್ರಿಕೋನಾಕಾರದ ರಂಧ್ರ ಇರುತ್ತದೆ. ಅಂಥದ್ದಾದರೆ ಮೂರು ಮುಖದ ಕಡ್ಡಿ, ಇಲ್ಲವಾದರೆ ದುಂಡು ಕಡ್ಡಿ. ಕೊನೆಗೆ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಓರೆಯಾಗಿ ಕತ್ತರಿಸಿ, ಮೊನೆ ಸಿಪ್ಪೆಯ ಕಡೆಗೇ ಉಳಿಯಬೇಕು. ಎರಡು ಏಟು ಹಾಕಿದರೆ ನಾರು ಎದ್ದು ಮೊನೆ ಕುಂಚದಂತಾಗುತ್ತದೆ. ಪ್ರತಿ ಬದಿ ಮುಗಿದ ಮೇಲೆ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ ಹೊಸ ಮೊನೆ ತೆಗೆಯಬಹುದು. ಉದ್ದ ಸಾಲುವವರೆಗೆ ಅದೇ ಕಡ್ಡಿ ನಡೆಯುತ್ತದೆ.

ಜಾಲಿಯದಾದರೆ ನೇರವಾಗಿರುವ, ಒಣಗಿ ಬೆಳ್ಳಗಾದ ಮುಳ್ಳನ್ನು ಆರಿಸಿ. ಅದರ ಸ್ವಾಭಾವಿಕ ಮೊನೆ ತೀರಾ ಎಳಸು, ಭಾರ ಬಿದ್ದ ಕೂಡಲೇ ಮುರಿಯುತ್ತದೆ. ತುದಿಯ ಒಂದೆರಡು ಮಿ.ಮೀ. ತೆಗೆದುಹಾಕಿ, ಬೆರಳಲ್ಲಿ ತಿರುಗಿಸುತ್ತ ಅತಿ ನಯವಾದ ಮರಳುಕಾಗದದ ಮೇಲೆ ಮೊನೆ ಮಾಡಿ. ಆಮೇಲೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮರಳುಕಾಗದದ ಒಂದು ಕಣ ಮೊನೆಯಲ್ಲಿ ಸಿಕ್ಕಿಕೊಂಡರೂ ಮೆದು ಮುಳ್ಳಿನ ಲಾಭವೆಲ್ಲ ಹೋಯಿತು, ಆ ಕಣವೇ ಗೆರೆ ಕೊರೆಯುತ್ತದೆ. ಪ್ಲೇಟಿನಲ್ಲಿ ಧೂಳಿದ್ದರೂ ಇದೇ ಗತಿ.

ಇವೆರಡರ ಸದ್ದು ಮೆಲುವು, ಮೇಲಿನ ಸ್ವರಗಳು ಮಂದ. ಇನ್ನೊಂದು ಮುಖ್ಯ ಮಾತು: ಉಕ್ಕಿನ ಮುಳ್ಳಿನಲ್ಲಿ ಬಹಳ ಸಲ ಹಾಡಿದ ಪ್ಲೇಟಿನ ಗೆರೆ ತರಿತರಿಯಾಗಿರುತ್ತದೆ. ಅಂಥದರಲ್ಲಿ ಬಿದಿರು ಅರ್ಧ ದಾರಿಯಲ್ಲೇ ಮೊನೆ ಕಳೆದುಕೊಂಡು ಗೊರಗೊರ ಎನ್ನುತ್ತದೆ. ಅದು ನಿಮ್ಮ ಕೈಗೆಲಸದ ತಪ್ಪಲ್ಲ. ಬಿದಿರು, ಜಾಲಿ ಶೋಭಿಸುವುದು ಹೊಳಪು ಉಳಿದಿರುವ ಪ್ಲೇಟಿನಲ್ಲಿ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ 100ರ, 200ರ ಪೊಟ್ಟಣ ಹಲವು ಬೆಲೆಗೆ ಸಿಗುತ್ತವೆ. ಒಳ್ಳೆಯದನ್ನು ಗುರುತಿಸುವುದು ಹೇಗೆ? — ಬೆಂಗಳೂರಿನಿಂದ

ಉತ್ತರ: ಚಿತ್ರ ನೋಡಿ ಹೇಳಲಾಗದು. ಮೊದಲು ಸಣ್ಣ ಪೊಟ್ಟಣ ತರಿಸಿ, ಹತ್ತು ಮುಳ್ಳು ತೆಗೆದು ಪರೀಕ್ಷಿಸಿ. ಗಡಿಯಾರ ರಿಪೇರಿಯವರು ಬಳಸುವ 10 ಪಟ್ಟಿನ ಭೂತಗನ್ನಡಿ ಸಾಕು. ಮೊನೆಯ ಇಳಿಜಾರು ನುಣುಪಾಗಿ ಹೊಳೆಯಬೇಕು, ಅಡ್ಡಗೀರು ಇರಕೂಡದು. ತುದಿ ದುಂಡಗಿರಬೇಕು. ಮುರಿದ ಹಾಗೆ ಚಪ್ಪಟೆಯಾಗಿದ್ದರೆ, ಪಕ್ಕಕ್ಕೆ ಚಿಗುರಿನಂತೆ ಲೋಹ ಎದ್ದಿದ್ದರೆ ಅದು ಕಸ. ಗಾಜಿನ ಮೇಲೆ ಉರುಳಿಸಿ, ಕುಪ್ಪಳಿಸಿದರೆ ಕಾಂಡ ಡೊಂಕು. ಹತ್ತರಲ್ಲಿ ಮೂರು ಕೆಟ್ಟಿದ್ದರೆ ಪೊಟ್ಟಣವನ್ನೇ ವಾಪಸು ಕಳಿಸಿ.

ಲೋಹದ ಗಡಸು ತಿಳಿಯಲು ಬೆಲೆಯಿಲ್ಲದ, ಆದರೆ ಗೆರೆ ಇನ್ನೂ ಹೊಳೆಯುವ ಪ್ಲೇಟೊಂದನ್ನು ಮೀಸಲಿಡಿ. ಒಂದು ಬದಿ ಪೂರ್ತಿ ಹಾಡಿಸಿ ಕೇಳಿ. ಶುರುವಿನಲ್ಲಿ ಚೆನ್ನಾಗಿದ್ದು ಕಡೆಯ ಅರ್ಧ ನಿಮಿಷ ಹಾಡು ಮುದ್ದೆಯಾದರೆ ಮುಳ್ಳು ಮೆದು. ಕೊನೆಮುಟ್ಟುವ ಮೊದಲೇ ಅದು ಸವೆದು ಅಗಲವಾಗಿದೆ. ಒಳಸುತ್ತಿನಲ್ಲಿ ಅಲೆಗಳು ಒತ್ತೊತ್ತಾಗಿರುವುದರಿಂದ ದೋಷ ಅಲ್ಲಿಯೇ ಮೊದಲು ಕಿವಿಗೆ ಬೀಳುತ್ತದೆ. ಹಾಡು ಸ್ಪಷ್ಟವಾಗಿದ್ದೂ ಗೆರೆಯಲ್ಲಿ ಬೂದುಪುಡಿ ಸಾಲುಗಟ್ಟಿದರೆ ಮುಳ್ಳು ಅತಿ ಗಟ್ಟಿ, ತಾನು ಸವೆಯದೆ ಪ್ಲೇಟನ್ನು ಸವೆಸುತ್ತಿದೆ. ಮೊದಲ ಕೆಲವು ಸುತ್ತಿನಲ್ಲಿ ಚೂರು ಕಪ್ಪು ಧೂಳು ಎದ್ದರೆ ಗಾಬರಿ ಬೇಡ.

ಹಳೆಯ ಕಾಲದ ತುಂಬಿದ ಡಬ್ಬಿ ಸಿಕ್ಕರೆ ಒಂದು ಎಚ್ಚರ. ಬಳಸಿದ ಮುಳ್ಳನ್ನು ಖಾಲಿ ಡಬ್ಬಿಗೇ ಹಾಕಿಡುತ್ತಿದ್ದ ಮನೆಗಳು ಬಹಳ. ಚಿತ್ರದ ಡಬ್ಬಿ ಎಷ್ಟೇ ಚೆಂದವಿದ್ದರೂ ಒಳಗಿನದನ್ನು ಒಂದೊಂದಾಗಿ ಗನ್ನಡಿಯಲ್ಲಿ ನೋಡದೆ ಬಳಸಬೇಡಿ.

ಪ್ರಶ್ನೆ: ‘ಟಂಗ್‌ಸ್ಟೈಲ್’ ಎಂಬ ಮುಳ್ಳು ನಾಲ್ಕು ಸಿಕ್ಕಿವೆ. ಇವನ್ನೂ ಒಂದೇ ಸಲ ಬಳಸಿ ಬಿಸಾಡಬೇಕೇ? — ಬಳ್ಳಾರಿಯಿಂದ

ಉತ್ತರ: ಬೇಡ. ಇದರ ತುದಿಯಲ್ಲಿ ಟಂಗ್‌ಸ್ಟನ್ನಿನ ಸಣ್ಣ ತಂತಿ ಇದೆ. ತಂತಿ ಉದ್ದಕ್ಕೂ ಒಂದೇ ದಪ್ಪ ಇರುವುದರಿಂದ ಸವೆದರೂ ಮೊನೆ ಅಗಲವಾಗುವುದಿಲ್ಲ, ಪೆನ್ಸಿಲಿನ ಸೀಸದಂತೆ ಗಿಡ್ಡವಾಗುತ್ತ ಹೋಗುತ್ತದೆ, ಅಷ್ಟೇ. ಹಾಗಾಗಿ ಹಲವಾರು ಬದಿ ಬರುತ್ತದೆ. ಡಬ್ಬಿಯ ಮೇಲಿನ ಲೆಕ್ಕವನ್ನು ಪೂರ್ತಿ ನಂಬದೆ ಹತ್ತು ಬದಿಗೊಮ್ಮೆ ಗನ್ನಡಿಯಲ್ಲಿ ನೋಡಿ. ತಂತಿ ಸವೆದು ಹಿಡಿಕೆಯ ಲೋಹ ಸಮೀಪಿಸುತ್ತಿದ್ದರೆ ತೆಗೆದುಬಿಡಿ. ಗೆರೆಯಿಂದ ಜಾರಿದರೆ, ಕೈತಪ್ಪಿ ಬಿದ್ದರೆ ತಂತಿ ಮುರಿಯುತ್ತದೆ. ಕ್ರೋಮಿಯಂ ಲೇಪದ ಮುಳ್ಳಿನಲ್ಲಿ ಈ ಗುಣ ಇಲ್ಲ. ಲೇಪ ಹೋದ ಕ್ಷಣದಿಂದ ಅದು ಮಾಮೂಲು ಉಕ್ಕು. ಹೋದದ್ದು ಬರಿಗಣ್ಣಿಗೆ ಕಾಣುವುದೂ ಇಲ್ಲವಾದ್ದರಿಂದ ಅದನ್ನೂ ಒಂದೇ ಬದಿಗೆ ಬಳಸುವುದು ಕ್ಷೇಮ.

ನೀಲಮಣಿ ತುದಿಯ ‘ಸಾವಿರ ಸಲ’ದ ಮುಳ್ಳು ಎಂದು ಕೆಲವು ಸಿಗುತ್ತವೆ. ಅವು ಹಗುರವಾದ ವಿದ್ಯುತ್ ಪಿಕಪ್ಪಿಗೆ, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗಕ್ಕೆ, ಮಾಡಿದವು. ಕೀ ಕೊಡುವ ಯಂತ್ರದ ಭಾರಕ್ಕೆ ಕಲ್ಲು ಒಡೆದು, ಒಡೆದ ಚೂರು ಗೆರೆಯನ್ನು ಉತ್ತುಹಾಕುತ್ತದೆ.

ಪ್ರಶ್ನೆ: ರಾಜ್‌ಕುಮಾರ್ ಚಿತ್ರಗಳ ಸಣ್ಣ ಪ್ಲೇಟುಗಳಿವೆ. ಸಾಫ್ಟ್ ಮುಳ್ಳು ಹಾಕಿ ಗ್ರಾಮಫೋನಿನಲ್ಲಿ ಕೇಳಬಹುದೇ? — ತುಮಕೂರಿನಿಂದ

ಉತ್ತರ: ದಯವಿಟ್ಟು ಬೇಡ, ಒಂದೇ ಒಂದು ಸಲವೂ ಬೇಡ. ನೀವು ಹೇಳುತ್ತಿರುವ 7 ಅಂಗುಲದವು 45 ಸುತ್ತಿನ ವಿನೈಲ್ ಪ್ಲೇಟುಗಳು. ಅವುಗಳ ಗೆರೆ 78ರ ಗೆರೆಯ ಮೂರನೆಯ ಒಂದು ಭಾಗದಷ್ಟೇ ಅಗಲ. ಅವಕ್ಕೆ ಬೇಕಾದ ಭಾರ ಕೆಲವೇ ಗ್ರಾಂ, ನಿಮ್ಮ ಸೌಂಡ್ ಬಾಕ್ಸು ಹೇರುವುದು ನೂರಕ್ಕೂ ಮೇಲೆ. ಹಾಡು ಮುಗಿಯುವ ಹೊತ್ತಿಗೆ ಗೆರೆಯೇ ಉಳಿದಿರುವುದಿಲ್ಲ. 33⅓ ಸುತ್ತಿನ ಎಲ್.ಪಿ.ಗೂ ಇದೇ ಮಾತು. ಸಂಶಯವಿದ್ದರೆ ಪ್ಲೇಟಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಅರಗಿನದು ಹೆಂಚಿನ ಹಾಗೆ ಟಣ್ ಎನ್ನುತ್ತದೆ, ವಿನೈಲ್ ಮಂಕಾಗಿ ಟಕ್ ಎನ್ನುತ್ತದೆ.

ಪ್ರಶ್ನೆ: ಮುಂಬಯಿಯ ಚೋರ್ ಬಜಾರಿನಲ್ಲಿ ಹಿತ್ತಾಳೆ ಕಹಳೆಯ, ನಾಯಿಯ ಚಿತ್ರವಿರುವ ಗ್ರಾಮಫೋನ್ ಕೊಂಡೆ. ಯಾವ ಮುಳ್ಳು ಹಾಕಿದರೂ ಪ್ಲೇಟಿನ ಮಧ್ಯಕ್ಕೆ ಬರುವಷ್ಟರಲ್ಲಿ ಜಾರುತ್ತದೆ. — ಮುಂಬಯಿ ಕನ್ನಡಿಗರೊಬ್ಬರು

ಉತ್ತರ: ದೋಷ ಮುಳ್ಳಿನದಲ್ಲ. ಥಳಥಳಿಸುವ ಹಿತ್ತಾಳೆ ಕಹಳೆ, ಹೊಸ ಮರದ ಚೌಕ ಪೆಟ್ಟಿಗೆ, ಒರಟಾದ ಲಾಂಛನ ಇರುವ ಬಹುಪಾಲು ಯಂತ್ರಗಳು ಈಚೆಗೆ ಜೋಡಿಸಿದವು. ಒಳಗಿನ ಮೋಟಾರು ಹಳೆಯ ಪೋರ್ಟಬಲ್‌ನದ್ದಿರಬಹುದು, ಉಳಿದದ್ದೆಲ್ಲ ಅಲಂಕಾರ.

ಮೂರು ಕಡೆ ಪರೀಕ್ಷಿಸಿ. ಮೊದಲನೆಯದು ಕೈಯ, ಅಂದರೆ ಸೌಂಡ್ ಬಾಕ್ಸನ್ನು ಹೊತ್ತ ತೋಳಿನ, ಜೋಡಣೆ. ಪ್ಲೇಟಿನ ಹೊರಗೆರೆ, ನಡು, ಒಳಗೆರೆ ಮೂರರಲ್ಲೂ ಮುಳ್ಳನ್ನು ಇಟ್ಟು ಮೇಲಿನಿಂದ ನೋಡಿ (ಪ್ಲೇಟು ತಿರುಗುತ್ತಿರಬಾರದು). ಸೌಂಡ್ ಬಾಕ್ಸಿನ ಮುಖ ಅಲ್ಲಲ್ಲಿನ ಗೆರೆಯ ದಿಕ್ಕಿಗೆ ಹೆಚ್ಚುಕಡಿಮೆ ಸಮವಾಗಿರಬೇಕು. ಅಲ್ಪಸ್ವಲ್ಪ ಓರೆ ಹಳೆಯ ಒಳ್ಳೆಯ ಯಂತ್ರಗಳಲ್ಲೂ ಇರುತ್ತದೆ. ಕಣ್ಣಿಗೆ ರಾಚುವಷ್ಟು ಓರೆಯಾದರೆ ಮುಳ್ಳು ಒಂದೇ ಗೋಡೆಯನ್ನು ಒತ್ತಿ ಹಾರುತ್ತದೆ. ಎರಡನೆಯದು ಕೋನ. ಪಕ್ಕದಿಂದ ನೋಡಿದಾಗ ಮುಳ್ಳು ಪ್ಲೇಟಿನ ಮೇಲೆ ಸುಮಾರು 60 ಡಿಗ್ರಿ ವಾಲಿರಬೇಕು, ಮೊನೆ ಪ್ಲೇಟು ತಿರುಗುವ ದಿಕ್ಕಿಗೆ ಚಾಚಿರಬೇಕು. ಎದುರಿನಿಂದ ನೋಡಿದರೆ ನೆಟ್ಟಗಿರಬೇಕು. ಮೂರನೆಯದು ಕೈಯ ಸಡಿಲ. ಸೌಂಡ್ ಬಾಕ್ಸನ್ನು ಎತ್ತಿ ಹಿಡಿದು ಅತ್ತಿತ್ತ ತೂಗಿಸಿ. ಎಲ್ಲಿಯಾದರೂ ಬಿಗಿದು ನಿಂತರೆ ಕೀಲು ಹಿಡಿಯುತ್ತಿದೆ. ಜಾರುವುದು ಹೆಚ್ಚಾಗಿ ಇದರಿಂದಲೇ.

ಕೀಲನ್ನು ಸಡಿಲಿಸಿ ಎಣ್ಣೆ ಬಿಡಬಹುದು. ಕೈಯ ಅಳತೆಯೇ ತಪ್ಪಿದ್ದರೆ ಏನೂ ಮಾಡಲಾಗದು. ನಕಲಿ ಸೌಂಡ್ ಬಾಕ್ಸಿನ ಬದಲು ಹಳೆಯ ಅಸಲಿ ಸೌಂಡ್ ಬಾಕ್ಸು ಹಾಕಿದರೆ ಧ್ವನಿ ಗೆಲುವಾಗುತ್ತದೆ, ಪ್ಲೇಟಿನ ಸವೆತವೂ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮನೆಯ ಒಳ್ಳೆಯ ಪ್ಲೇಟು ಇದರ ಮೇಲೆ ಇಡಬೇಡಿ.

ಪ್ರಶ್ನೆ: ಹೊಸ ಮುಳ್ಳು ಹಾಕಿದರೂ ಚರ್ರ್ ಎಂಬ ಕಂಪನ ನಿಲ್ಲುತ್ತಿಲ್ಲ. — ದಾವಣಗೆರೆಯಿಂದ

ಉತ್ತರ: ಸುಲಭದ್ದರಿಂದ ಶುರು ಮಾಡಿ. ಮುಳ್ಳು ರಂಧ್ರದ ತಳ ಮುಟ್ಟುವವರೆಗೆ ಹೋಗಿದೆಯೇ, ಸ್ಕ್ರೂ ಬೆರಳಲ್ಲಿ ಬಿಗಿಯುವಷ್ಟು ಬಿಗಿದಿದೆಯೇ? ಇಕ್ಕಳ ಬೇಡ, ಸ್ಕ್ರೂವಿನ ತಿರುಪುಗೆರೆ ಸವೆದುಹೋಗುತ್ತದೆ. ರಂಧ್ರದಲ್ಲಿ ಹಿಂದೆ ಮುರಿದ ಮುಳ್ಳಿನ ಚೂರು ಉಳಿದಿದ್ದರೂ ಹೊಸದು ಪೂರ್ತಿ ಇಳಿಯುವುದಿಲ್ಲ. ಇನ್ನೊಂದು ಪ್ಲೇಟು ಹಾಕಿ ನೋಡಿ. ಅದರಲ್ಲಿ ಚರ್ರ್ ಎನ್ನದಿದ್ದರೆ ಮೊದಲ ಪ್ಲೇಟೇ ಸವೆದಿದೆ.

ಎಲ್ಲದರಲ್ಲೂ ಚರ್ರ್ ಎಂದರೆ ಸೌಂಡ್ ಬಾಕ್ಸಿನ ಕಡೆ ಬನ್ನಿ. ಮುಳ್ಳು ಸಿಕ್ಕಿಸಿ, ಅದರ ತುದಿಯನ್ನು ಉಗುರಿನಿಂದ ಮೃದುವಾಗಿ ಮೀಟಿ. ಸ್ವಚ್ಛವಾಗಿ ಡಬ್ ಎನ್ನಬೇಕು. ಚರಚರ ಎಂದರೆ ಸಾಮಾನ್ಯ ಕಾರಣ ಪೊರೆಯ ಸುತ್ತಲಿನ ರಬ್ಬರು ಗಟ್ಟಿಯಾಗಿ ಕಲ್ಲಿನಂತಾಗಿರುವುದು. 80–90 ವರ್ಷದ ರಬ್ಬರು ಮೆದುವಾಗಿ ಉಳಿದಿರುವುದು ಅಪರೂಪ. ಹಳೆಯದರ ದಪ್ಪ ಅಳೆದು, ಅಷ್ಟೇ ದಪ್ಪದ ಮೆದು ರಬ್ಬರ್ ಕೊಳವೆಯ ಎರಡು ಉಂಗುರ ಮಾಡಿ ಪೊರೆಯ ಮುಂದೆ ಒಂದು, ಹಿಂದೆ ಒಂದು ಕೂರಿಸಬೇಕು. ತುದಿಗಳು ಒಂದಕ್ಕೊಂದು ತಾಗಬೇಕು, ಮೇಲೇರಬಾರದು. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದು ಬದಿ ಹೆಚ್ಚು ಬಿಗಿದರೆ ಅಭ್ರಕ ಬಿರುಕು ಬಿಡುತ್ತದೆ.

ಅಭ್ರಕದ ಪೊರೆಯ ನಡುವೆ, ಮುಳ್ಳಿನ ಸರಳು ಬಂದು ಸೇರುವ ಜಾಗದಲ್ಲಿ, ಒಂದು ತೊಟ್ಟು ಮೇಣ ಇರುತ್ತದೆ. ಅದು ಒಣಗಿ ಬಿಟ್ಟುಕೊಂಡಿದ್ದರೂ ಕಂಪನ ಬರುತ್ತದೆ. ಕಾಸಿದ ತಂತಿಯ ತುದಿಯಲ್ಲಿ ಜೇನುಮೇಣದ ಒಂದು ಹನಿ ತಂದು ಮುಟ್ಟಿಸಿದರೆ ಸಾಕು. ಅಂಟು, ಫೆವಿಕ್ವಿಕ್ ಹಾಕಿದರೆ ಮುಂದೆ ಬಿಚ್ಚಲು ಬಾರದು. ಕೆಲವು ಸೌಂಡ್ ಬಾಕ್ಸುಗಳ ಹಿಂಭಾಗ ಸತುವಿನ ಮಿಶ್ರಲೋಹದ್ದು. ವರ್ಷ ಕಳೆದಂತೆ ಅದು ಹಿಗ್ಗಿ ಬಿರಿಯುತ್ತದೆ. ಸಣ್ಣ ಬಿರುಕು ಕಂಡರೆ ಬಲ ಹಾಕದೆ ಬಲ್ಲವರ ಕೈಗೆ ಕೊಡಿ.

ಪ್ರಶ್ನೆ: ಕರಾವಳಿಯ ಮಳೆಗಾಲದಲ್ಲಿ ಮುಳ್ಳಿಗೆ ತುಕ್ಕು, ಪ್ಲೇಟಿಗೆ ಬೂಸ್ಟು. ಸ್ಯಾನಿಟೈಸರಿನಿಂದ ಒರೆಸಬಹುದೇ? — ಉಡುಪಿಯಿಂದ

ಉತ್ತರ: ಸ್ಯಾನಿಟೈಸರು, ಸ್ಪಿರಿಟ್ಟು ಎಂದಿಗೂ ತಾಗಿಸಬೇಡಿ. ಬಡಗಿಗಳು ಪಾಲಿಷ್ ಮಾಡಲು ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ, ನಿಮ್ಮ ಪ್ಲೇಟೂ ಹಾಗೆಯೇ ಕರಗುತ್ತದೆ. ಬಟ್ಟಿ ಇಳಿಸಿದ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಒಂದೆರಡು ಹನಿ ಹಾಕಿ. ಮೆದು ಕುಂಚದಿಂದ ಗೆರೆಯ ಗುಂಟ ಸುತ್ತಲೂ ಉಜ್ಜಿ, ಬರಿಯ ಬಟ್ಟಿ ನೀರಿನಿಂದ ಒರೆಸಿ, ತಕ್ಷಣ ಹತ್ತಿಬಟ್ಟೆಯಲ್ಲಿ ಒಣಗಿಸಿ. ನಡುವಿನ ಚೀಟಿ ಒದ್ದೆಯಾಗಬಾರದು. ನೀರಿನಲ್ಲಿ ನೆನೆಹಾಕಲೂ ಬಾರದು. ಬಿಸಿಲಿಗೆ ಇಟ್ಟರೆ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಮುಳ್ಳುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಎಣ್ಣೆ ಹಚ್ಚಿಡುವುದಾದರೆ ಬಳಸುವ ಮೊದಲು ಪೂರ್ತಿ ಒರೆಸಬೇಕು, ಇಲ್ಲವಾದರೆ ಗೆರೆಯಲ್ಲಿ ಎಣ್ಣೆಗೆ ಧೂಳು ಹಿಡಿದು ಮೆತ್ತಿಕೊಳ್ಳುತ್ತದೆ. ಮೊನೆಯಲ್ಲಿ ತುಕ್ಕಿನ ಒಂದೇ ಚುಕ್ಕೆ ಇದ್ದರೂ ಎಸೆಯಿರಿ. ತಿಕ್ಕಿ ತೆಗೆದರೂ ಕೆಳಗೆ ಗುಳಿ ಉಳಿದಿರುತ್ತದೆ. ಬಿದಿರಿನ ಮುಳ್ಳಂತೂ ನಿಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ನಡೆಯದು. ತೇವಕ್ಕೆ ಮೆತ್ತಗಾಗಿಬಿಡುತ್ತದೆ.

ಪ್ರಶ್ನೆ: ‘ಗಾಂಧಾರಿ’ ಎಂಬ ಹೆಸರಿನ ಎಚ್.ಎಂ.ವಿ. ಪ್ಲೇಟು ಸಿಕ್ಕಿದೆ. ಇದು ಗಂಗೂಬಾಯಿ ಹಾನಗಲ್ಲರದೇ? ಯಾವ ಮುಳ್ಳಿನಲ್ಲಿ ಕೇಳಲಿ? — ಧಾರವಾಡದಿಂದ

ಉತ್ತರ: ಗಂಗೂಬಾಯಿಯವರ 1930ರ ದಶಕದ ಆರಂಭದ ಪ್ಲೇಟುಗಳು ಆ ಹೆಸರಿನಲ್ಲೇ ಬಂದವು. ಕಂಠ ಬದಲಾಗುವ ಮುಂಚಿನ ಅವರ ತೆಳು, ಏರುದನಿ ಅದರಲ್ಲಿದೆ. ಇದೇ ಕಾರಣಕ್ಕೆ ಹೇಳುತ್ತಿದ್ದೇವೆ: ಅದನ್ನು ಕೀ ಕೊಡುವ ಯಂತ್ರಕ್ಕೆ ಹಾಕಬೇಡಿ. ಹೋಗುವುದೇ ಆದರೆ ಮೊದಲು ಹೋಗುವುದು ಆ ಏರುದನಿಯೇ. 78 ಸುತ್ತಿನ ವೇಗವಿರುವ ಈಗಿನ ಟರ್ನ್‌ಟೇಬಲ್ಲಿಗೆ 78ಕ್ಕೆಂದೇ ಸಿಗುವ ಅಗಲ ತುದಿಯ ವಜ್ರದ ಮುಳ್ಳು, ಅಂದರೆ ತುದಿಯ ತ್ರಿಜ್ಯ ಸುಮಾರು 0.075 ಮಿ.ಮೀ. ಇರುವುದನ್ನು, ಹಾಕಿ 3ರಿಂದ 5 ಗ್ರಾಂ ಭಾರದಲ್ಲಿ ಒಮ್ಮೆ ದಾಖಲಿಸಿಕೊಳ್ಳಿ. ಎಲ್.ಪಿ.ಯ ಮುಳ್ಳು ಇಲ್ಲಿ ಗೆರೆಯ ತಳದಲ್ಲಿ ಉರುಳಾಡಿ ಬರಿಯ ಸಪ್ಪಳ ಕೊಡುತ್ತದೆ. ದಾಖಲೆಯನ್ನು ಎಷ್ಟು ಸಲ ಬೇಕಾದರೂ ಕೇಳಿ.

ಉಳಿದ ಪ್ಲೇಟುಗಳನ್ನು ವಿಂಗಡಿಸಲು ಒಂದು ಸುಳಿವು. ಚೀಟಿಯ ಹೊರಗೆ, ಮೆರುಗಿನ ಭಾಗದಲ್ಲಿ ಕೊರೆದ ನಂಬರು ಇರುತ್ತದೆ. ಎಚ್.ಎಂ.ವಿ.ಯಲ್ಲಿ ಆ ನಂಬರಿನ ಪಕ್ಕ ಸಣ್ಣ ತ್ರಿಕೋನ ಅಥವಾ ಚೌಕ ಕಂಡರೆ, ಕೊಲಂಬಿಯಾದಲ್ಲಿ ವೃತ್ತದೊಳಗೆ ಇಂಗ್ಲಿಷಿನ ಡಬ್ಲ್ಯು ಕಂಡರೆ ಅದು 1925ರ ನಂತರದ ಮೈಕಿನ ಧ್ವನಿಮುದ್ರಣ. ಅದರ ಗೆರೆ ಹೆಚ್ಚು ಕುಣಿಯುತ್ತದೆ, ಮೀಡಿಯಂ ದಾಟಬೇಡಿ. ನಮ್ಮ ದೇಶದಲ್ಲಿ 78ರ ಪ್ಲೇಟುಗಳು 1960ರ ದಶಕದವರೆಗೂ ಬಂದವು. 1950ರಿಂದೀಚಿನ ಸಿನಿಮಾ ಹಾಡಿನ ಪ್ಲೇಟುಗಳ ಧ್ವನಿ ಬಲು ಜೋರು. ಭಾರದ ಸೌಂಡ್ ಬಾಕ್ಸಿನಡಿ ಅವು ಬೇಗ ಬೂದುಗಟ್ಟುತ್ತವೆ. ಅವನ್ನೂ ವಿದ್ಯುತ್ ಟರ್ನ್‌ಟೇಬಲ್ಲಿಗೇ ಮೀಸಲಿಡಿ. ಸೀಳು ಬಿಟ್ಟ ಪ್ಲೇಟು ಯಾವ ಕಾಲದ್ದಾದರೂ ಗ್ರಾಮಫೋನಿಗೆ ಬೇಡ.

ಪ್ರಶ್ನೆ: ಇಲ್ಲಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಾಲಂಗುಲ ದಪ್ಪದ ಎಡಿಸನ್ ಪ್ಲೇಟು ಸಿಕ್ಕಿತು. ನಮ್ಮ ಎಚ್.ಎಂ.ವಿ.ಯಲ್ಲಿ ದನಿಯೇ ಬರುತ್ತಿಲ್ಲ. — ಅಮೆರಿಕದ ನ್ಯೂ ಜೆರ್ಸಿಯಿಂದ

ಉತ್ತರ: ಕೂಡಲೇ ನಿಲ್ಲಿಸಿ. ಅದು 1912ರಲ್ಲಿ ಮಾರುಕಟ್ಟೆಗೆ ಬಂದ ಎಡಿಸನ್ ಡೈಮಂಡ್ ಡಿಸ್ಕ್. ಅದರ ಗೆರೆಯಲ್ಲಿ ಧ್ವನಿ ಇರುವುದು ಮೇಲೆ ಕೆಳಗೆ, ನಿಮ್ಮ ಯಂತ್ರ ಓದುವುದು ಎಡಕ್ಕೆ ಬಲಕ್ಕೆ. ವಜ್ರದ ತುದಿಯ ಎಡಿಸನ್ ಯಂತ್ರದಲ್ಲೇ, 80 ಸುತ್ತಿನಲ್ಲಿ ಅದನ್ನು ಕೇಳಬೇಕು. ಉಕ್ಕಿನ ಮುಳ್ಳು ಅದನ್ನು ಹಾಳುಗೆಡಹುತ್ತದೆ. ಪಾಥೆ ಕಂಪನಿಯ ಹಳೆಯ ಪ್ಲೇಟುಗಳೂ ಇದೇ ಜಾತಿ, ಅವಕ್ಕೆ ನೀಲಮಣಿಯ ಸಣ್ಣ ಗೋಲಿಯ ತುದಿ ಬೇಕು.

ಪ್ರಶ್ನೆ: ಮುಳ್ಳು ಸರಿ ಇದ್ದರೂ ರಾಗ ಒಂದು ಶ್ರುತಿ ಕೆಳಗೆ ಕೇಳುತ್ತದೆ. — ಹಾಸನದಿಂದ

ಉತ್ತರ: ವೇಗ ಕಡಿಮೆ. ಪ್ಲೇಟಿನ ಅಂಚಿಗೆ ಒಂದು ಚೀಟಿ ಸಿಕ್ಕಿಸಿ, ಮುಳ್ಳು ಗೆರೆಯಲ್ಲಿ ಓಡುತ್ತಿರುವಾಗಲೇ ಒಂದು ನಿಮಿಷ ಎಣಿಸಿ. 78 ಬರಬೇಕು. ಮುಳ್ಳು ಎತ್ತಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಮುಳ್ಳಿನ ತಡೆಗೆ ವೇಗ ಇಳಿಯುತ್ತದಲ್ಲ. ವೇಗ ಪರೀಕ್ಷಿಸಲು ಪ್ಲೇಟಿನ ಮೇಲಿಡುವ, 77 ಪಟ್ಟಿಯ ಸ್ಟ್ರೋಬ್ ಚಕ್ರವನ್ನು ನಮ್ಮ 50 ಸೈಕಲ್ ವಿದ್ಯುತ್ತಿನ ಹಳೆಯ ಟ್ಯೂಬ್‌ಲೈಟಿನಡಿ ನೋಡಿದರೆ ಪಟ್ಟಿಗಳು ನಿಂತಂತೆ ಕಾಣಬೇಕು. ಎಲ್ಲ ಎಲ್‌ಇಡಿ ದೀಪದಲ್ಲಿ ಇದು ಕಾಣಿಸದು. ಪ್ರತಿ ಬದಿಗೂ ಮುನ್ನ ಕೀ ಪೂರ್ತಿ ಕೊಡಿ. ಆದರೂ ಹಾಡಿನ ಕೊನೆಗೆ ಎಳೆಯತೊಡಗಿದರೆ ಸ್ಪ್ರಿಂಗಿನ ಗ್ರೀಸು ಗಟ್ಟಿಯಾಗಿದೆ. ಸ್ಪ್ರಿಂಗಿನ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಚಿಮ್ಮಿದರೆ ಕೈ ಸೀಳುತ್ತದೆ.

ಪ್ರಶ್ನೆ: ಬಳಸಿದ ಮುಳ್ಳುಗಳನ್ನು ಏನು ಮಾಡಬೇಕು? — ಮಂಡ್ಯದಿಂದ

ಉತ್ತರ: ಹಳೆಯ ಯಂತ್ರಗಳಲ್ಲಿ ಹೊಸದಕ್ಕೊಂದು, ಬಳಸಿದ್ದಕ್ಕೊಂದು ಬಟ್ಟಲು ಬೇರೆಯಾಗಿಯೇ ಇರುತ್ತಿತ್ತು. ನಿಮ್ಮದರಲ್ಲಿ ಇಲ್ಲದಿದ್ದರೆ ಮಾತ್ರೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ 3 ಮಿ.ಮೀ. ತೂತು ಕೊರೆದು ಪಕ್ಕದಲ್ಲಿಡಿ. ಒಳಗೆ ಹೋದದ್ದು ಸುಲಭವಾಗಿ ಹೊರಗೆ ಬಾರದು, ಹೊಸದರ ಜೊತೆ ಬೆರೆಯದು. ಹಾಡು ಮುಗಿದ ಕೂಡಲೇ, ಪ್ಲೇಟು ಮಗುಚುವ ಮೊದಲೇ ಮುಳ್ಳು ತೆಗೆದು ಹಾಕಿಬಿಡಿ. ಡಬ್ಬಿ ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ ಗುಜರಿಯವರಿಗೆ ಕೊಡಿ. ಬಿಡಿಬಿಡಿಯಾಗಿ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.